ಅಡಕೆಯ ಸೀಮೆಯ ಸ್ತ್ರೀಯರೂ ಅವರ ಉದ್ಯಮವೂ

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಕಥೆಯನ್ನು ಕೇಳದವರು ನಮ್ಮ ವಾಚಕರಲ್ಲಿ ವಿರಳ. ರಾಜಪುತ್ರಿ ಶಾಂತವ್ವೆಯು ಕೆರೆ ಕಟ್ಟಿಸಲು ಸಂಕಲ್ಪಿಸಿದಾಗ ಆ ನೆಲವು ಸೂಳೆಯರ ಸ್ವಾಧೀನದಲ್ಲಿತ್ತೆಂದೂ, ಕೆರೆಗೆ ತಮ್ಮ ಹೆಸರನ್ನೇ ಇಡಬೇಕೆಂಬ ಕರಾರಿನ ಮೇಲೆ ಅವರು ಅದನ್ನು ಬಿಟ್ಟುಕೊಟ್ಟರೆಂದೂ ಐತಿಹ್ಯವಿದೆ. ಶಿಷ್ಟರು ಶಾಂತಿಸಾಗರವೆಂದು ತಿದ್ದಿದರೂ ಜನರ ಬಾಯಲ್ಲಿ ಹಳೆಯ ಹೆಸರೇ ನಿಂತಿದೆ. ಕಥೆ ನಿಜವೋ ಅಲ್ಲವೋ, ನೆಲವುಳ್ಳ ಹೆಂಗಸರು ತಮ್ಮ ಮಾತನ್ನು ನಡೆಸಿಕೊಂಡರೆಂಬ ಒಂದು ಸಂಗತಿ ಅದರೊಳಗಿದೆ. ಅದೇ ತಾಲ್ಲೂಕಿನ ಉಬ್ರಾಣಿಯ ಕಡೆ ಅಡಕೆ ಸುಗ್ಗಿಯಲ್ಲಿ ನಾವು ಸಂಚರಿಸಿದಾಗ ಈ ಕಥೆಯು ಪದೇ ಪದೇ ನೆನಪಿಗೆ ಬಂದಿತು.

ಬೆಳಗಿನ ಜಾವಕ್ಕೇ ಕಣದಲ್ಲಿ ದೀಪ ಹೊತ್ತಿರುತ್ತದೆ. ಮೆಟ್ಟುಗತ್ತಿಗಳ ಮುಂದೆ ಸಾಲಾಗಿ ಕುಳಿತ ಹೆಂಗಸರು ಹಸಿಯಡಕೆಯನ್ನು ಸುಲಿಯುವರು. ಕೂಲಿಯು ಸುಲಿದಷ್ಟರ ತೂಕದ ಮೇಲೆ. ಕಾಯಿ ಬಲಿತು ಹಣ್ಣಾಗುವ ಮೊದಲೇ ಕೊಯ್ದು, ತಡಮಾಡದೆ ಸುಲಿದು, ಹಂಡೆಯಲ್ಲಿ ಬೇಯಿಸಿ, ಚೊಗರು ಹಿಡಿಸಿ ಒಣಗಿಸಿದರೆ ಕೆಂಪು ಅಡಕೆ. ತಡವಾದರೆ ಬಣ್ಣವೂ ಕೆಡುವುದು, ಧಾರಣೆಯೂ ಕೆಡುವುದು. ಎಂದಮೇಲೆ ಈ ವ್ಯಾಪಾರದ ಲಾಭವೆಲ್ಲ ಕರೆಗಟ್ಟಿದ ಆ ಬೆರಳುಗಳ ವೇಗವನ್ನು ಅವಲಂಬಿಸಿತ್ತೆಂದರೆ ಅತಿಶಯೋಕ್ತಿಯಲ್ಲ. ಕಾಯಿಯ ಹದವನ್ನು ಮುಟ್ಟಿದೊಡನೆಯೇ ಹೇಳಬಲ್ಲವರು ಅವರು. ಆದರೆ ತೋಟವನ್ನು ಚೇಣಿ ಹಿಡಿಯುವವರು, ಬೇಯಿಸಿ ಮಾರುವವರು, ಮಂಡಿಯಲ್ಲಿ ಕುಳಿತು ಧಾರಣೆ ಕೇಳುವವರು ಬಹುಮಟ್ಟಿಗೆ ಗಂಡಸರೇ.

"ನೀವೇ ನಾಲ್ಕು ಜನ ಸೇರಿ ಒಂದು ಸಣ್ಣ ತೋಟವನ್ನು ಚೇಣಿ ಹಿಡಿಯಬಾರದೇಕೆ, ತಾಯಿ?" ಎಂದು ಒಬ್ಬ ವೃದ್ಧೆಯನ್ನು ನಾವು ಕೇಳಿದೆವು. "ಚೇಣಿಗೆ ಮುಂಗಡ ಕೊಡ್ಬೇಕು ಸ್ವಾಮಿ. ಮುಂಗಡಕ್ಕೆ ಸಾಲ ಬೇಕು. ಸಾಲ ಕೇಳಿದ್ರೆ ಪಹಣಿ ಯಾರ ಹೆಸರಲ್ಲೈತೆ ಅಂತಾರೆ" ಎಂದು ಆಕೆ ಕೈಯ ಕೆಲಸ ಬಿಡದೆ ಉತ್ತರವಿತ್ತಳು. ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರ ಗ್ರಂಥಗಳಲ್ಲಿಯೂ ಇಷ್ಟು ಸ್ಪಷ್ಟವಾದ ವಿವರಣೆಯನ್ನು ನಾವು ಕಂಡಿಲ್ಲ.

ಈಚಿನ ವರ್ಷಗಳಲ್ಲಿ ಸುಲಿಯುವ ಯಂತ್ರಗಳು ಬಂದಿವೆ. ಯಂತ್ರವನ್ನು ನಾವು ದೂಷಿಸುವವರಲ್ಲ; ಬೆನ್ನು ಮುರಿಯುವ ಕೆಲಸ ತಪ್ಪಿದರೆ ಸಂತೋಷವೇ. ಆದರೆ ಯಂತ್ರವನ್ನು ಕೊಂಡವನು ಹಣವುಳ್ಳವನು; ಕೆಲಸ ಕಳೆದುಕೊಂಡವಳು ಕತ್ತಿಯ ಮುಂದಿದ್ದವಳು. ಅದೇ ಯಂತ್ರವು ಹತ್ತು ಹೆಂಗಸರ ಸಂಘದ ಸ್ವತ್ತಾಗಿದ್ದರೆ ಬಾಡಿಗೆಯ ಹಣ ಯಾರ ಮನೆಗೆ ಹೋಗುತ್ತಿತ್ತೆಂಬುದನ್ನು ವಾಚಕರೇ ಊಹಿಸಬಹುದು.

ಸಂಘಗಳೇನೂ ಇಲ್ಲದಿಲ್ಲ. ಸ್ವಸಹಾಯ ಸಂಘಗಳ ಪದ್ಧತಿಗೆ ನಮ್ಮ ಕರ್ನಾಟಕವೇ ತೌರುಮನೆಗಳಲ್ಲೊಂದು. 1987ರಲ್ಲಿ ನಬಾರ್ಡ್ ಬ್ಯಾಂಕು ಮೈರಾಡ ಸಂಸ್ಥೆಗೆ 10 ಲಕ್ಷ ರೂಪಾಯಿ ಕೊಟ್ಟು ಪ್ರಯೋಗಕ್ಕೆ ನೆರವಾಯಿತು, 1992ರಿಂದ ಸಂಘಗಳಿಗೆ ಬ್ಯಾಂಕುಗಳ ಬಾಗಿಲು ತೆರೆಯಿತು, 2000ದಲ್ಲಿ ಸರ್ಕಾರದವರು ಸ್ತ್ರೀಶಕ್ತಿ ಯೋಜನೆಯನ್ನು ಆರಂಭಿಸಿದರು. ವಾರದ ಕಂತನ್ನು ತಪ್ಪದೆ ಕಟ್ಟುವ ಶಿಸ್ತಿನಲ್ಲಿ ನಮ್ಮ ಹೆಂಗಸರನ್ನು ಮೀರಿಸುವವರಿಲ್ಲ. ಆದರೆ ಸಾಲಗಾರಳಾಗುವುದು ಬೇರೆ, ಒಡತಿಯಾಗುವುದು ಬೇರೆ. ಕಿರುಸಾಲಕ್ಕೆ ಜಗದ್ವಿಖ್ಯಾತವಾದ ಬಾಂಗ್ಲಾದೇಶದಲ್ಲಿಯೇ, ಹೆಂಗಸರ ಹೆಸರಿನ ಸಾಲಗಳಲ್ಲಿ ಬಹುಭಾಗವನ್ನು ಗಂಡಸರೇ ವಿನಿಯೋಗಿಸುತ್ತಿದ್ದರೆಂದು 1996ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಇಲ್ಲಿ ವಸೂಲಿಗಾರರ ಉಪಟಳವು ಮಿತಿಮೀರಿ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ಹಾಳೆಯ ತಟ್ಟೆಗಳ ತಯಾರಿಕೆಯೂ ಅಡಕೆ ಸೀಮೆಯ ಹೆಂಗಸರಿಗೆ ಒದಗಿದ ಒಂದು ಉದ್ಯಮ. ಉದುರಿದ ಹಾಳೆಯನ್ನು ನೆನೆಸಿ, ಕಾಯಿಸಿದ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಆದರೆ 2025ರ ಮೇ ತಿಂಗಳಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದವರು ಇಂಥ ತಟ್ಟೆಗಳು ಆಹಾರಕ್ಕೆ ಯೋಗ್ಯವಲ್ಲವೆಂದು ಸಾರಿದರು. ದೂರದ ದೇಶದ ಒಂದು ಕಾಗದದಿಂದ ಪೇಟೆಯೇ ಅಲುಗುವಾಗ, ನೆಲದ ಆಸರೆಯುಳ್ಳವನು ಒಂದೆರಡು ವರ್ಷ ತಡೆದುಕೊಂಡಾನು. ಸಾಲದ ಯಂತ್ರವೊಂದನ್ನೇ ನಂಬಿದವಳು ತಡೆಯಲಾರಳು.

ಕಾನೂನಿನಲ್ಲಿ ಕೊರತೆಯಿಲ್ಲ. ಚನ್ನಗಿರಿಯು ಮೈಸೂರು ಸಂಸ್ಥಾನದಲ್ಲಿದ್ದಾಗ, 1933ರಲ್ಲಿಯೇ, ಹಿಂದೂ ಸ್ತ್ರೀಯರ ಹಕ್ಕುಗಳ ಶಾಸನವು ಜಾರಿಗೆ ಬಂದಿತು; ಬ್ರಿಟಿಷ್ ಇಂಡಿಯಾದವರಿಗೆ ಅಂಥದೊಂದು 1937ರಲ್ಲಿ ದೊರೆಯಿತು. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಜನ್ಮಸಿದ್ಧವಾದ ಪಾಲನ್ನು ಕರ್ನಾಟಕವು 1994ರಲ್ಲಿ ಅವಿವಾಹಿತೆಯರ ಮಟ್ಟಿಗೂ, ಕೇಂದ್ರವು 2005ರಲ್ಲಿ ಎಲ್ಲರಿಗೂ ಕೊಟ್ಟವು. ತಂದೆ ಮೊದಲೇ ತೀರಿಕೊಂಡಿದ್ದರೂ ಆ ಹಕ್ಕು ಉಂಟೆಂದು 2020ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿತು. ಹೀಗಿದ್ದೂ 2015-16ರ ಕೃಷಿ ಗಣತಿಯಂತೆ ದೇಶದ ಹಿಡುವಳಿದಾರರಲ್ಲಿ ಸ್ತ್ರೀಯರು ನೂರಕ್ಕೆ ಸುಮಾರು 14 ಮಾತ್ರ. ಕಾರಣವು ಗುಟ್ಟಲ್ಲ. ತಂದೆಯ ತಿಥಿ ಮುಗಿಯುವುದರೊಳಗೆ ಹಕ್ಕುಬಿಡುಗಡೆ ಪತ್ರ ಸಿದ್ಧವಾಗುವುದು. ತೌರಿನ ಬಾಗಿಲು ಮುಚ್ಚೀತೆಂಬ ಅಂಜಿಕೆಯಿಂದ ಮಗಳು ರುಜು ಹಾಕುವಳು. ಅಣ್ಣನು ಒಂದು ಸೀರೆ ಉಡಿಸುವನು. ಆ ಸೀರೆಯಷ್ಟು ದುಬಾರಿಯಾದ ಸೀರೆಯನ್ನು ಬನಾರಸಿನಲ್ಲಿಯೂ ನೇಯುವುದಿಲ್ಲ.

ವಿಚಿತ್ರವೇನೆಂದರೆ, 2013ರ ಆಹಾರ ಭದ್ರತಾ ಕಾಯಿದೆಯಂತೆ ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಹೆಣ್ಣೇ! ಅಕ್ಕಿ ತರುವಾಗ ಯಜಮಾನಿ, ತೋಟದ ದಾಖಲೆಯಲ್ಲಿ ಯಾರೂ ಅಲ್ಲ.

ಹೊಸ ಯೋಜನೆಗಳನ್ನು ನಾವು ಬೇಡುತ್ತಿಲ್ಲ. ಪೌತಿ ಖಾತೆ ಮಾಡುವಾಗ ಹೆಂಡತಿಯ ಹಾಗೂ ಹೆಣ್ಣುಮಕ್ಕಳ ಹೆಸರುಗಳನ್ನು ಬಿಡದೆ ದಾಖಲಿಸುವುದೂ, ಹಕ್ಕುಬಿಡುಗಡೆಗೆ ಬಂದವಳನ್ನು ಅಣ್ಣತಮ್ಮಂದಿರಿಲ್ಲದ ಕಡೆ ಕರೆದು ಆಕೆಯ ಮನಸ್ಸನ್ನು ಕೇಳುವುದೂ, ಮಹಿಳಾ ಸಂಘಗಳು ಸುಲಿಯುವ ಯಂತ್ರ ಕೊಳ್ಳಲು ಸಾಲವನ್ನು ಸುಗ್ಗಿಗೆ ಮುಂಚೆ, ಸುಗ್ಗಿ ಕಳೆದಮೇಲಲ್ಲ, ಒದಗಿಸುವುದೂ ಈಗಿರುವ ಅಧಿಕಾರಿಗಳಿಂದಲೇ ಆಗತಕ್ಕ ಕೆಲಸಗಳು. ಕಳೆದ ವರ್ಷ ಉಬ್ರಾಣಿ ಹೋಬಳಿಯಲ್ಲಿ ಆದ ಪೌತಿ ಖಾತೆಗಳೆಷ್ಟು, ಅವುಗಳಲ್ಲಿ ಹೆಣ್ಣುಮಕ್ಕಳ ಹೆಸರು ಸೇರಿದವೆಷ್ಟು ಎಂಬ ಲೆಕ್ಕವನ್ನು ಚನ್ನಗಿರಿ ತಾಲ್ಲೂಕು ಕಚೇರಿಯವರು ಕಳುಹಿಸಿಕೊಟ್ಟರೆ, ಅದನ್ನು ಇದೇ ಪುಟದಲ್ಲಿ ಅಚ್ಚುಹಾಕಲು ನಾವು ಸ್ಥಳವನ್ನು ಕಾದಿರಿಸಿದ್ದೇವೆ.