ಶಸ್ತ್ರಕ್ರಿಯೆಗೆ ಮುನ್ನ

1811ನೆಯ ಇಸವಿಯ ಸೆಪ್ಟೆಂಬರ್ 30ರಂದು ಪ್ಯಾರಿಸ್ ನಗರದ ಒಂದು ಮನೆಯನ್ನು ಕಪ್ಪು ಉಡುಪಿನ ಏಳು ಮಂದಿ ಗಂಡಸರು ಹೊಕ್ಕರು. ಮನೆಯಾಕೆ ಫ್ಯಾನಿ ಬರ್ನಿ, ‘ಇವೆಲಿನಾ’ ಕಾದಂಬರಿಯಿಂದ ಇಂಗ್ಲೆಂಡಿನಲ್ಲಿ ಹೆಸರಾಗಿದ್ದ ಲೇಖಕಿ. ಆಗ ಆಕೆಗೆ 59 ವರ್ಷ. ಬಂದವರಲ್ಲಿ ಮುಖ್ಯನಾದ ಲಾರೇ ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ. ಈಥರ್ ಬರುವುದಕ್ಕೆ ಇನ್ನೂ ಮೂರು ದಶಕಗಳಿಗೂ ಮಿಕ್ಕಿ ಕಾಲವಿತ್ತು. ಹಳೆಯ ಹಾಸಿಗೆಗಳ ಮೇಲೆ ಆಕೆಯನ್ನು ಮಲಗಿಸಿ, ಮುಖಕ್ಕೊಂದು ಕರವಸ್ತ್ರ ಹೊದಿಸಿದರು. ಬಟ್ಟೆ ಬಲು ತೆಳು. ಅದರ ಮೂಲಕ ಆಕೆಗೆ ಎಲ್ಲವೂ ಕಾಣುತ್ತಿತ್ತು. ವೈದ್ಯನ ಬೆರಳು ಗಾಳಿಯಲ್ಲಿ ಮೇಲಿಂದ ಕೆಳಕ್ಕೊಂದು ಗೆರೆ ಎಳೆಯಿತು, ಅಡ್ಡಲಾಗಿ ಇನ್ನೊಂದು, ಬಳಿಕ ಒಂದು ವೃತ್ತ. ಇಡೀ ಸ್ತನವನ್ನು ತೆಗೆಯತಕ್ಕದ್ದೆಂಬ ಸನ್ನೆ ಅದು.

ಬರ್ನಿ ಕರವಸ್ತ್ರವನ್ನು ಕಿತ್ತೆಸೆದು ಎದ್ದು ಕುಳಿತಳು. ಸ್ತನವನ್ನು ಹಿಡಿದುಕೊಳ್ಳುವವರಾರೆಂದು ವೈದ್ಯ ಕೇಳಿದ್ದಕ್ಕೆ ತಾನೇ ಹಿಡಿಯುವೆನೆಂದಳು. ನೋವೆಲ್ಲವೂ ಒಂದೇ ಬಿಂದುವಿನಿಂದ ಹೊರಡುವುದೆಂದು ವಿವರಿಸಿದಳು. ಅವರು ಮೌನವಾಗಿ ಕೇಳಿದರು, ಮರಳಿ ಮಲಗಿಸಿದರು, ಮತ್ತೆ ಮುಖ ಮುಚ್ಚಿದರು. ಬೆರಳು ಮತ್ತೆ ಅದೇ ಗೆರೆಗಳನ್ನು, ಅದೇ ವೃತ್ತವನ್ನು ಎಳೆಯಿತು.

ಈ ವೃತ್ತಾಂತವನ್ನು ಆಕೆ ತಂಗಿ ತಮ್ಮಂದಿರಿಗಲ್ಲ, ಅಕ್ಕ ಎಸ್ತರಳಿಗೆ ಬರೆದ ದೀರ್ಘ ಕಾಗದದಿಂದ ನಾವು ಬಲ್ಲೆವು. ಬರೆದು ಮುಗಿಸಲು ತಿಂಗಳುಗಳೇ ಹಿಡಿದವು. ಆಮೇಲೆ ಆಕೆ 1840ರವರೆಗೆ ಬದುಕಿದಳು. ಅವಳ ಧೈರ್ಯವನ್ನು ಹೊಗಳಿದವರು ಬಹಳ, ಹೊಗಳತಕ್ಕದ್ದೇ ಸರಿ. ಆದರೆ ಆ ಕಾಗದದಲ್ಲಿ ನನ್ನನ್ನು ಕಾಡುವುದು ಚೂರಿಯಲ್ಲ, ಆ ಬೆರಳು.

ಅರಿವಳಿಕೆ ಬಂದಮೇಲೂ ಬೆರಳಿನ ಆಳ್ವಿಕೆ ಮುಗಿಯಲಿಲ್ಲ. ಅಮೆರಿಕದ ಹಾಲ್‌ಸ್ಟೆಡ್ 1894ರಲ್ಲಿ 50 ರೋಗಿಗಳ ವಿವರವನ್ನು ಪ್ರಕಟಿಸಿ, ಸ್ತನದೊಡನೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುವ ಪದ್ಧತಿಯನ್ನು ಸ್ಥಾಪಿಸಿದ. ರೋಗವು ಬೇರಿನಿಂದ ಸುತ್ತಲಿಗೆ ಹಬ್ಬುತ್ತದೆ, ಅಗಲವಾಗಿ ಕೊಯ್ದಷ್ಟೂ ಕ್ಷೇಮ ಎಂಬುದು ಅದರ ಹಿಂದಿನ ನಂಬಿಕೆ. ಮುಕ್ಕಾಲು ಶತಮಾನ ಇದು ಶಾಸ್ತ್ರವಾಗಿ ನಿಂತಿತು. 1970ರ ದಶಕದಲ್ಲಿಯೂ ಅಲ್ಲಿನ ಹೆಂಗಸರನ್ನು ಗಂಟಿನ ಪರೀಕ್ಷೆಗೆಂದು ನಿದ್ರೆಗೊಳಿಸಿ, ಕ್ಯಾನ್ಸರ್ ಎಂದು ತಿಳಿದೊಡನೆ ಅದೇ ನಿದ್ರೆಯಲ್ಲಿ ಸ್ತನವನ್ನು ತೆಗೆದುಬಿಡುವುದು ವಾಡಿಕೆಯಾಗಿತ್ತು. ಎಚ್ಚರವಾದಾಗ ಎದೆಯನ್ನು ಮುಟ್ಟಿ ನೋಡಿಕೊಂಡೇ ರೋಗವಿತ್ತೋ ಇಲ್ಲವೋ ಎಂಬುದನ್ನು ಅರಿಯಬೇಕು! ಬರ್ನಿಗಾದರೂ ಕರವಸ್ತ್ರದ ಮೂಲಕ ಕಾಣುತ್ತಿತ್ತು. ರೋಸ್ ಕುಶ್ನರ್ ಎಂಬ ಪತ್ರಕರ್ತೆ 1974ರಲ್ಲಿ ತನಗೇ ಈ ರೋಗ ಬಂದಾಗ ಹಾಗೆ ನಿದ್ರಿಸಲು ಒಪ್ಪಲಿಲ್ಲ; ಪರೀಕ್ಷೆ ಬೇರೆ, ಶಸ್ತ್ರಕ್ರಿಯೆ ಬೇರೆ ಆಗಬೇಕೆಂದು ಹೋರಾಡಿದಳು.

ನಂಬಿಕೆಯನ್ನು ಬುಡದಿಂದ ಅಲುಗಿಸಿದವನು ಪಿಟ್ಸ್‌ಬರ್ಗಿನ ಬರ್ನಾರ್ಡ್ ಫಿಶರ್. ರೋಗದ ಕಣಗಳು ಮೊದಲಿಗೇ ರಕ್ತದೊಡನೆ ಹೊರಟಿರಬಹುದು, ಚೂರಿಯನ್ನು ಅಗಲಗೊಳಿಸಿ ಫಲವಿಲ್ಲ ಎಂಬುದು ಅವನ ವಾದ. ಗಂಟನ್ನು ಮಾತ್ರ ತೆಗೆದವರೂ ಸ್ತನವನ್ನೇ ತೆಗೆಸಿಕೊಂಡವರೂ ಒಂದೇ ಪ್ರಮಾಣದಲ್ಲಿ ಬದುಕುತ್ತಾರೆಂಬುದನ್ನು 1985ರಲ್ಲಿ ಅವನ ತಂಡ ತೋರಿಸಿತು. ಇಟಲಿಯ ವೆರೊನೇಸಿ 1981ರಲ್ಲೇ ಇಂಥದೇ ಮಾತನ್ನು ಹೇಳಿದ್ದ. ಸ್ತನವನ್ನು ಉಳಿಸಿಕೊಂಡವರು ವಿಕಿರಣ ಚಿಕಿತ್ಸೆ ಪಡೆದರೆ ಅಲ್ಲಿಯೇ ರೋಗ ಮರುಕಳಿಸುವ ಭಯವೂ ಬಹಳ ತಗ್ಗುತ್ತದೆ.

ಈಗ ಅನೇಕರಿಗೆ ಮೊದಲು ಕೀಮೋಥೆರಪಿ, ಆಮೇಲೆ ಶಸ್ತ್ರ. ಹಿಂದುಮುಂದಾದರೆ ಆಯುಷ್ಯದಲ್ಲಿ ವ್ಯತ್ಯಾಸವಿಲ್ಲವೆಂದೂ, ಮೊದಲೇ ಔಷಧ ಕೊಟ್ಟರೆ ಗಂಟು ಕುಗ್ಗಿ ಸ್ತನವನ್ನು ಉಳಿಸಿಕೊಳ್ಳಬಲ್ಲವರ ಸಂಖ್ಯೆ ಹೆಚ್ಚುವುದೆಂದೂ 1988ರಲ್ಲಿ ಆರಂಭವಾದ ಇನ್ನೊಂದು ಪ್ರಯೋಗದಿಂದ ತಿಳಿಯಿತು. ನಮ್ಮಲ್ಲಿ ರೋಗ ಬಲಿತ ಮೇಲೆ ಆಸ್ಪತ್ರೆಗೆ ಬರುವವರು ಬಹಳವಾದ್ದರಿಂದ ಈ ಕ್ರಮ ನಮಗೆ ಹೊಸದೇನಲ್ಲ. ಕಡೆಯ ಬಾಟಲಿ ಇಳಿದ ದಿನ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಆಕೆಗೆ ಮಾತ್ರ ಆಗಲೇ ನಿಜವಾದ ಪ್ರಶ್ನೆ ಎದುರಾಗುತ್ತದೆ. ತಲೆಯ ಮೇಲೆ ಇನ್ನೂ ಕೂದಲು ಮೂಡಿಲ್ಲ, ಬೆರಳ ತುದಿಗಳು ಜೋಮು ಹಿಡಿದಿವೆ, ನಾಲಗೆಗೆ ರುಚಿ ಮರಳಿಲ್ಲ. ಇಂಥ ಕೆಲವು ವಾರಗಳಲ್ಲಿ ಆಕೆ ತೀರ್ಮಾನಿಸಬೇಕು. ಗಂಟು ಕರಗಿ ಕಾಣದಾದರೂ ಶಸ್ತ್ರ ಸಾಮಾನ್ಯವಾಗಿ ತಪ್ಪದು, ಕಣ್ಣಿಗೆ ಬೀಳದ ಕಣಗಳು ಉಳಿದಿರಬಹುದಷ್ಟೆ. ಗಂಟಿದ್ದ ಜಾಗ ಗುರುತು ಸಿಗಲೆಂದು ಔಷಧಕ್ಕೆ ಮೊದಲೇ ಅಲ್ಲಿ ಲೋಹದ ಒಂದು ಪುಟ್ಟ ಚೂರನ್ನು ಇಟ್ಟಿರುತ್ತಾರೆ.

ಸ್ತನವನ್ನು ತೆಗೆಯಲೇಬೇಕಾದರೆ ಮರುನಿರ್ಮಾಣದ ಮಾತು ಬರುತ್ತದೆ. 1962ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಮೊದಲು ಬಳಕೆಗೆ ಬಂದ ಸಿಲಿಕೋನ್ ಚೀಲ ಒಂದು ಬಗೆ. ಶಸ್ತ್ರಕ್ರಿಯೆ ಸುಲಭ, ಆದರೆ ವಿಕಿರಣ ತಗುಲಿದರೆ ಸುತ್ತಲಿನ ಊತಕ ಬಿಗಿದುಕೊಂಡು ಚೀಲ ಗಟ್ಟಿಯಾಗುವ ಸಂಭವ ಹೆಚ್ಚು, ಎಂದಾದರೂ ಬದಲಿಸಬೇಕಾಗಿಯೂ ಬಂದೀತು. ಇನ್ನೊಂದು, ಬೆನ್ನಿನ ಅಥವಾ ಹೊಟ್ಟೆಯ ಸ್ವಂತ ಮಾಂಸವನ್ನೇ ತಂದು ಕೂಡಿಸುವುದು. ಇದು ದೀರ್ಘವಾದ ಶಸ್ತ್ರ, ಎರಡು ಗಾಯ, ನಿಧಾನವಾದ ಚೇತರಿಕೆ; ಆದರೆ ಬಂದದ್ದು ತನ್ನದೇ ದೇಹ. ಎರಡರಲ್ಲಿಯೂ ಮೊದಲಿನ ಸ್ಪರ್ಶಜ್ಞಾನ ಬಹುಮಟ್ಟಿಗೆ ಮರಳದು. ಇದನ್ನು ಮುಂಚೆಯೇ ಹೇಳದಿರುವುದು ಅನ್ಯಾಯ.

ಮಾಂಸವನ್ನು ಸರಿಸಿ ಅಂಗ ಕಟ್ಟುವ ವಿದ್ಯೆಯಲ್ಲಿ ನಮ್ಮ ಸೀಮೆಗೂ ಒಂದು ಪಾಲುಂಟು. ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಎತ್ತುಗಳನ್ನು ಹೊಡೆಯುತ್ತಿದ್ದ ಕಾವಸ್ಜಿ ಎಂಬವನು ಟಿಪ್ಪುವಿನವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬ ಅವನ ಹಣೆಯ ಚರ್ಮವನ್ನು ತಿರುಗಿಸಿ ಹೊಸ ಮೂಗು ಕಟ್ಟಿದ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಇದು ಅಚ್ಚಾಗಿ, ಯೂರೋಪಿನ ವೈದ್ಯರು ಈ ಕ್ರಮವನ್ನು ಕಲಿತರು.

ಏನನ್ನೂ ಕಟ್ಟಿಸಿಕೊಳ್ಳದಿರುವುದೂ ಒಂದು ಆಯ್ಕೆಯೇ. ಅಮೆರಿಕದ ಕವಯಿತ್ರಿ ಆಡ್ರೆ ಲಾರ್ಡ್ 1978ರಲ್ಲಿ ಸ್ತನ ತೆಗೆಸಿಕೊಂಡಾಗ ಉಣ್ಣೆಯ ಒಂದು ಉಂಡೆಯನ್ನು ತಂದುಕೊಟ್ಟರು. ಅದರ ಬಣ್ಣ ಬಿಳಿಯರ ಮೈಬಣ್ಣ, ಆಕೆ ಕಪ್ಪು ಹೆಣ್ಣು. ಅದನ್ನು ಧರಿಸದೆ ವೈದ್ಯರಲ್ಲಿಗೆ ಹೋದಾಗ, ಹೀಗೆ ಬಂದರೆ ಉಳಿದವರ ಉತ್ಸಾಹ ಕುಗ್ಗುವುದೆಂದು ದಾದಿ ಆಕ್ಷೇಪಿಸಿದಳು. ಲಾರ್ಡ್ ಇದನ್ನೆಲ್ಲ 1980ರಲ್ಲಿ ಪುಸ್ತಕವಾಗಿಸಿದಳು. ಸಮತಟ್ಟಾಗಿ, ಚೊಕ್ಕಟವಾಗಿ ಹೊಲಿದು ಮುಗಿಸುವ ಕ್ರಮಕ್ಕೆ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಪದಕೋಶದಲ್ಲಿ ಹೆಸರೊಂದು ಸೇರಿದ್ದು 2020ರಲ್ಲಿ.

ನಮ್ಮ ಮನೆಗಳಲ್ಲಿ ಈ ಮಾತನ್ನು ಗಂಡನೋ ಮಗನೋ ವೈದ್ಯರೊಡನೆ ಹೊರಗಿನ ಜಗಲಿಯಲ್ಲಿ ಆಡಿ ಮುಗಿಸುವುದುಂಟು. “ಈ ವಯಸ್ಸಿಗೆ ಅದೆಲ್ಲ ಯಾಕಮ್ಮ?” ಎಂದು ಒಳಗೆ ಬಂದು ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆಕೆ ಕೇಳಿ ತಿಳಿಯಬೇಕಾದ ಸಂಗತಿಗಳೋ ಹಲವಿವೆ: ಗಂಟನ್ನು ಮಾತ್ರ ತೆಗೆದರೆ ಸಾಲದೇ, ವಿಕಿರಣ ಬೇಕೇ, ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆಯಬೇಕೇ, ಕೈ ಬಾತೀತೇ, ಖರ್ಚೆಷ್ಟು. ರೋಗವನ್ನು ತೆಗೆಯುವ ಶಸ್ತ್ರಕ್ಕೆ ವಾರಗಳ ಲೆಕ್ಕವಿದೆ. ಮರುನಿರ್ಮಾಣಕ್ಕೆ ಆ ಅವಸರವಿಲ್ಲ. ಬೇಕೆನಿಸಿದರೆ ವರ್ಷಗಳ ಬಳಿಕವೂ ಮಾಡಿಸಿಕೊಳ್ಳಬಹುದು.