ಉಕ್ಕಿನ ಕುಲುಮೆಯ ಗ್ಯಾಸು, ಬಳ್ಳಾರಿಯ ಕರೆಂಟು

ಬಳ್ಳಾರಿ ಸೀಮೆಯಲ್ಲಿ ಗ್ಯಾಸಿನಿಂದಲೂ ಕರೆಂಟು ತೆಗೆಯುತ್ತಾರೆ ಎಂದರೆ ಕುರುಗೋಡು ಕಡೆಯವರೇ ಹುಬ್ಬೇರಿಸಬಹುದು. ಇಲ್ಲಿ ಕರೆಂಟು ಎಂದರೆ ಕುಡತಿನಿಯ ಬಿಟಿಪಿಎಸ್ ವಿದ್ಯುತ್ ಸ್ಥಾವರ. 500, 500 ಮತ್ತು 700 ಮೆಗಾವಾಟಿನ ಮೂರು ಘಟಕ, ಒಟ್ಟು 1,700 ಮೆಗಾವಾಟ್, ಅಷ್ಟೂ ಕಲ್ಲಿದ್ದಲಿನದು. 500 ಮೆಗಾವಾಟಿನ ಒಂದು ಘಟಕ ಪೂರ್ಣ ಸಾಮರ್ಥ್ಯದಲ್ಲಿ ಓಡಿದರೆ ದಿನಕ್ಕೆ 7 ಸಾವಿರ ಟನ್ ಆಸುಪಾಸು ಕಲ್ಲಿದ್ದಲು ಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲು ಬೂದಿಯೇ. ಆ ಬೂದಿಯ ಗೋಳನ್ನು ಸುತ್ತಲಿನ ಹೊಲದವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಗ್ಯಾಸಿನ ಸಂಗತಿ ಕುಡತಿನಿ ದಾಟಿ ಹೊಸಪೇಟೆ ರಸ್ತೆಯಲ್ಲಿ ಇನ್ನಷ್ಟು ಮುಂದಿರುವ ತೋರಣಗಲ್ಲಿನದು. ಅಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲಿ 2000ನೇ ಇಸವಿಯ ಹೊತ್ತಿಗೆ ತಲಾ 130 ಮೆಗಾವಾಟಿನ ಎರಡು ವಿದ್ಯುತ್ ಘಟಕ ಶುರುವಾದವು. ಅವುಗಳ ಬಾಯ್ಲರಿಗೆ ಕಲ್ಲಿದ್ದಲಿನ ಜೊತೆಗೆ ಕೊರೆಕ್ಸ್ ಗ್ಯಾಸು ಹೋಗುತ್ತದೆ. ಇದು ನೆಲದಡಿಯಿಂದ ಬರುವ ನೈಸರ್ಗಿಕ ಅನಿಲವಲ್ಲ. ಕಬ್ಬಿಣ ಕರಗಿಸುವಾಗ ಕುಲುಮೆಯ ನೆತ್ತಿಯಿಂದ ಹೊರಬೀಳುವ ಉಪ ಉತ್ಪನ್ನ.

ಮಾಮೂಲಿ ಊದುಕುಲುಮೆಗೆ ಕೋಕ್ ಬೇಕು, ಕೋಕ್ ಮಾಡಲು ವಿಶೇಷ ಜಾತಿಯ ಕಲ್ಲಿದ್ದಲು ಬೇಕು. ನಮ್ಮಲ್ಲಿ ಅದು ಕಡಿಮೆ. ಕೊರೆಕ್ಸ್ ವಿಧಾನದಲ್ಲಿ ಬಹುಪಾಲು ಸಾಮಾನ್ಯ ಕಲ್ಲಿದ್ದಲೇ ಸಾಕು. ಅದಕ್ಕೆ ಗಾಳಿಯ ಬದಲು ಹೆಚ್ಚುಕಡಿಮೆ ಶುದ್ಧ ಆಮ್ಲಜನಕವನ್ನು ಊದುತ್ತಾರೆ. ಗಾಳಿ ಊದಿದ್ದರೆ ಅದರಲ್ಲಿರುವ ಸಾರಜನಕವೂ ಸೇರಿಕೊಂಡು ಹೊರಬರುವ ಗ್ಯಾಸು ತೆಳ್ಳಗಾಗುತ್ತಿತ್ತು. ಇಲ್ಲಿ ಹಾಗಾಗದೆ ಗ್ಯಾಸಿಗೆ ಉರಿಯುವ ಶಕ್ತಿ ಉಳಿಯುತ್ತದೆ. ಅದರಲ್ಲಿ ಶೇ 40ಕ್ಕಿಂತ ತುಸು ಹೆಚ್ಚು ಕಾರ್ಬನ್ ಮಾನಾಕ್ಸೈಡ್, ಶೇ 20ರ ಆಸುಪಾಸು ಜಲಜನಕ, ಉಳಿದದ್ದರಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್. ಕಲ್ಲಿದ್ದಲಿನ ಬೂದಿ ಕಬ್ಬಿಣದ ಮೇಲೆ ಕಿಟ್ಟವಾಗಿ ತೇಲುತ್ತದೆ, ಸಿಮೆಂಟಿಗೆ ಹೋಗುತ್ತದೆ. ಗಂಧಕದ ದೊಡ್ಡ ಪಾಲೂ ಅಲ್ಲೇ ನಿಲ್ಲುತ್ತದೆ. ದೂಳನ್ನು ನೀರಿನಲ್ಲಿ ತೊಳೆಯುತ್ತಾರೆ. ಹಾಗಾಗಿ ಈ ಗ್ಯಾಸು ಉರಿದಾಗ ಹೊಗೆಯಿಲ್ಲ, ಬೂದಿಯಿಲ್ಲ.

ಹಾಗಾದರೆ ಇದು ಶುದ್ಧ ಇಂಧನವೇ? ಲೆಕ್ಕ ಹಾಕಿ ನೋಡೋಣ.

ಕಾರ್ಬನ್ ಮಾನಾಕ್ಸೈಡ್ ಎಂದರೆ ಒಲೆಯಿಂದ ಎಳೆದ ಕೊಳ್ಳಿಯಂತೆ ಅರೆ ಉರಿದ ಇಂಗಾಲ. ಇಂಗಾಲ ಪೂರ್ತಿ ಉರಿದರೆ ಸಿಗುವ ಶಾಖದಲ್ಲಿ ನಾಲ್ಕನೇ ಒಂದು ಪಾಲಿಗಿಂತ ಹೆಚ್ಚು ಕುಲುಮೆಯಲ್ಲೇ ಖರ್ಚಾಗಿರುತ್ತದೆ. ಉಳಿದ ಶಾಖ ಮಾತ್ರ ಬಾಯ್ಲರಿಗೆ ಸಿಗುತ್ತದೆ. ಹೊರಬೀಳುವ ಇಂಗಾಲದ ಡೈಆಕ್ಸೈಡ್ ಮಾತ್ರ ಪೂರ್ತಿಯದು. ಗ್ಯಾಸಿನಲ್ಲಿ ಮೊದಲೇ ಬೆರೆತಿದ್ದ ಡೈಆಕ್ಸೈಡ್ ಕೂಡ ಚಿಮಣಿಯಿಂದಲೇ ಹೋಗುತ್ತದೆ. ಎಲ್ಲ ಕೂಡಿಸಿದರೆ, ಒಂದೇ ಪ್ರಮಾಣದ ಶಾಖಕ್ಕೆ ಕೊರೆಕ್ಸ್ ಗ್ಯಾಸು ಬಿಡುವ ಡೈಆಕ್ಸೈಡ್ ನೈಸರ್ಗಿಕ ಅನಿಲದ್ದರ ಸುಮಾರು ಮೂರೂವರೆ ಪಟ್ಟು. ಕಲ್ಲಿದ್ದಲಿಗೆ ಹೋಲಿಸಿದರೂ ಹತ್ತಿರಹತ್ತಿರ ಎರಡು ಪಟ್ಟು!

ಈ ಅಂಕಿ ಹಿಡಿದು ಕೊರೆಕ್ಸ್ ಘಟಕವನ್ನು ಬೈಯುವುದು ಮಾತ್ರ ಅನ್ಯಾಯ. ಕಬ್ಬಿಣ ಕರಗಿಸಿದ ಮೇಲೆ ಆ ಇಂಗಾಲ ಹೇಗೂ ಆಕಾಶಕ್ಕೆ ಹೋಗುವುದೇ. ಗ್ಯಾಸನ್ನು ಹಾಗೇ ಬಿಡುವಂತಿಲ್ಲ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟುತ್ತದೆ. ಕೊಳವೆಯ ತುದಿಯಲ್ಲಿ ಸುಮ್ಮನೆ ಉರಿಸಿ ಬಿಡುವ ಬದಲು ಕರೆಂಟು ತೆಗೆದರೆ ಅಷ್ಟು ಕಲ್ಲಿದ್ದಲಾದರೂ ಉಳಿಯುತ್ತದೆ. ನನ್ನ ತಕರಾರು ಗ್ಯಾಸು ಎಂದ ಮಾತ್ರಕ್ಕೆ ಹಸಿರು ಎನ್ನುವವರ ಮೇಲೆ.

ನಿಜವಾದ ನೈಸರ್ಗಿಕ ಅನಿಲದ ಸ್ಥಾವರ ನೋಡಬೇಕಾದರೆ ಬೆಂಗಳೂರಿನ ಯಲಹಂಕಕ್ಕೆ ಹೋಗಬೇಕು. ಕರ್ನಾಟಕ ವಿದ್ಯುತ್ ನಿಗಮದ 370 ಮೆಗಾವಾಟಿನ ಆ ಘಟಕ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಅಲ್ಲಿ ಗ್ಯಾಸು ಮೊದಲು ಟರ್ಬೈನಿನೊಳಗೇ ಉರಿದು ಅದನ್ನು ತಿರುಗಿಸುತ್ತದೆ. ಹೊರಬರುವ ಬಿಸಿ ಗಾಳಿಯಿಂದ ನೀರು ಕಾಯಿಸಿ ಆವಿಯಿಂದ ಇನ್ನೊಂದು ಟರ್ಬೈನ್ ತಿರುಗಿಸುತ್ತಾರೆ. ಎರಡು ಸಲ ದುಡಿಸಿಕೊಳ್ಳುವುದರಿಂದ ಇಂಥ ಸ್ಥಾವರಗಳಲ್ಲಿ ಗ್ಯಾಸಿನ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಕರೆಂಟಾಗುತ್ತದೆ. ಒಂದು ಯೂನಿಟ್ಟಿಗೆ ಕಲ್ಲಿದ್ದಲಿನ ಸ್ಥಾವರ ಕಿಲೋಗ್ರಾಂ ಆಸುಪಾಸು ಡೈಆಕ್ಸೈಡ್ ಬಿಟ್ಟರೆ ಇದು ಅದರ ಅರ್ಧವನ್ನೂ ಬಿಡುವುದಿಲ್ಲ. ನೀರೂ ಕಡಿಮೆ ಸಾಕು.

ಅಲ್ಲೂ ತೊಡಕಿದೆ. ಜ್ವಾಲೆಯ ಕಾವಿಗೆ ಗಾಳಿಯ ಸಾರಜನಕವೇ ಉರಿದು ಆಕ್ಸೈಡುಗಳಾಗುತ್ತವೆ, ಅವು ಬಿಸಿಲಲ್ಲಿ ಓಜೋನ್ ಹುಟ್ಟಿಸುತ್ತವೆ. ನೆಲಮಟ್ಟದ ಓಜೋನ್ ಎದೆಗೂ ಬೆಳೆಗೂ ಕೆಟ್ಟದ್ದು. ಬಾವಿಯಿಂದ ಬರ್ನರಿನವರೆಗಿನ ದಾರಿಯಲ್ಲಿ ಮೀಥೇನ್ ಸೋರಿದರೆ ಇಪ್ಪತ್ತು ವರ್ಷದ ಲೆಕ್ಕದಲ್ಲಿ ಅದು ಡೈಆಕ್ಸೈಡಿನ 80 ಪಟ್ಟು ಕಾವು ಹಿಡಿಯುತ್ತದೆ. ಶೇ 3ರ ಆಸುಪಾಸು ಸೋರಿದರೂ ಕಲ್ಲಿದ್ದಲಿಗಿಂತ ಮೇಲು ಎಂಬ ಹೆಗ್ಗಳಿಕೆ ಹೋಯಿತು. ಮೇಲಾಗಿ ಗ್ಯಾಸು ದುಬಾರಿ. ದೇಶದ ಗ್ಯಾಸ್ ಸ್ಥಾವರಗಳಲ್ಲಿ ದೊಡ್ಡ ಪಾಲು ಸುಮ್ಮನೆ ನಿಂತಿರುವುದು ಅದಕ್ಕೇ.

ಕುರುಗೋಡು, ಸಿರುಗುಪ್ಪ, ಸಂಡೂರು ಕಡೆ ನಾಳೆ ಯಾವುದಾದರೂ ಗ್ಯಾಸ್ ಯೋಜನೆ ಬಂದು ಪರಿಸರ ಆಲಿಕೆ ಸಭೆ ಕರೆದರೆ, ಯಾವ ಗ್ಯಾಸು, ಯೂನಿಟ್ಟಿಗೆ ಎಷ್ಟು ಕಿಲೋ ಡೈಆಕ್ಸೈಡ್, ಎಷ್ಟು ಲೀಟರ್ ನೀರು, ಅದೂ ತುಂಗಭದ್ರೆಯ ಯಾವ ಕಾಲುವೆಯ ಪಾಲಿನಿಂದ ಎಂದು ಕೇಳಿ. ಸಭೆಗೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಕೊಡಬೇಕೆಂಬುದು ನಿಯಮ. ಯೋಜನೆಯ ಪರಿಸರ ವರದಿಯ ಸಾರಾಂಶ ಕನ್ನಡದಲ್ಲೇ ಜಿಲ್ಲಾಧಿಕಾರಿ ಕಚೇರಿಯಲ್ಲಿ ಓದಲು ಸಿಗಬೇಕು. ಓದಿಕೊಂಡೇ ಹೋಗಿ.