ನಾಯಿಯ ಗುಣವೋ, ರೋಗವೋ?

ದಹಿಸರಿನಲ್ಲಿ ನಮ್ಮವರ ಹೋಟೆಲುಗಳ ಹಿಂಬಾಗಿಲಲ್ಲಿ ರಾತ್ರಿಯ ಹೊತ್ತು ಒಂದೆರಡು ನಾಯಿಗಳು ಕಾದು ಕುಳಿತಿರುವುದು ವಾಡಿಕೆ. ಭಟ್ಟಿ ಆರಿಸಿ ಹೊರಬರುವ ಹುಡುಗರು ಉಳಿದ ಇಡ್ಲಿಯನ್ನು ಅವುಗಳ ಮುಂದಿಟ್ಟೇ ಮಲಗಲು ಹೋಗುವರು. ಊರು ಬಿಟ್ಟು ಬಂದವನಿಗೆ ಅದೂ ಒಂದು ನೆಂಟಸ್ತಿಕೆ. ಅಂತಹ ನಾಯಿ ಗಿರಾಕಿಗಳ ಮೇಲೆ ಎಗರದಂತೆ ಪಳಗಿಸುವುದು ಹೇಗೆಂದು ನಮ್ಮನ್ನು ಕೇಳುವವರುಂಟು. ಉತ್ತರ ಕಷ್ಟದ್ದಲ್ಲ: ಹೊತ್ತಿಗೆ ಸರಿಯಾಗಿ ಒಂದೇ ಸ್ಥಳದಲ್ಲಿ ಅನ್ನವಿಡುವುದು, ಎಗರಿದಾಗ ಮುಖ ತಿರುಗಿಸಿ ನಿಲ್ಲುವುದು, ಸುಮ್ಮನೆ ಕುಳಿತಾಗ ತುತ್ತು ಕೊಡುವುದು, ದೊಣ್ಣೆಯನ್ನು ದೂರವಿಡುವುದು.

ಆದರೆ ಇಂತಹ ಸಲಹೆ ಅಭ್ಯಾಸಕ್ಕೆ ಮಾತ್ರ ಸಲ್ಲುವುದು. ಬಹುಕಾಲ ಸಾಧುವಾಗಿದ್ದ ನಾಯಿ ಕಿವಿ ಮುಟ್ಟಿದೊಡನೆ ಕಚ್ಚಬಂದರೆ ಕಿವಿಯೊಳಗೆ ಹುಣ್ಣಿರಬಹುದು. ಮೆಟ್ಟಿಲೇರಲು ಒಲ್ಲದಿದ್ದರೆ ಕೀಲಿನ ಬೇನೆಯಿರಬಹುದು. ಅದನ್ನು ಗದರಿಸಿ ತಿದ್ದಹೊರಡುವುದು ಹಲ್ಲುನೋವಿನ ಮಾಣಿಗೆ ಶಿಸ್ತು ಕಲಿಸಿದಂತೆ. ಪತ್ರಿಕಾ ಕಚೇರಿಯಲ್ಲಿ ಕುಳಿತವನು ನಾಯಿಯ ಮೈ ಮುಟ್ಟಿ ನೋಡದೆ ಇದು ಮೊಂಡುತನ, ಇದು ಬೇನೆ ಎಂದು ವಿಂಗಡಿಸಲಾರನು. ನಾಯಿ ಪಳಗಿಸುವವನೂ ವೈದ್ಯನಲ್ಲ.

ಇದರಲ್ಲಿ ಪ್ರಾಣಕ್ಕೇ ಎರವಾಗುವ ಸಂಗತಿಯೊಂದಿದೆ. ಹುಚ್ಚುನಾಯಿಯೆಂದರೆ ಸಿಕ್ಕಸಿಕ್ಕವರನ್ನು ಕಚ್ಚುತ್ತ ಓಡುವುದೆಂದೇ ಜನರ ತಿಳುವಳಿಕೆ. ಮೂಲೆ ಹಿಡಿದು, ದವಡೆ ಜೋತು, ಜೊಲ್ಲು ಸುರಿಸುತ್ತ, ನುಂಗಲಾರದೆ ಬಿದ್ದಿರುವ ನಾಯಿಗೂ ರೇಬೀಸ್ ಇರಬಹುದು. ಗಂಟಲಲ್ಲಿ ಎಲುಬು ಸಿಕ್ಕಿರಬೇಕೆಂದು ಕರುಣೆಯಿಂದ ಬಾಯೊಳಗೆ ಕೈ ಹಾಕಿದವನ ಗೀರುಗಾಯಕ್ಕೆ ಆ ಜೊಲ್ಲು ತಗಲಿದರೂ ಸಾಕು. ಲಕ್ಷಣ ತೋರಿದ ಮೇಲೆ ಮನುಷ್ಯನು ಬದುಕುವುದು ಇಲ್ಲವೆಂಬಷ್ಟು ಅಪರೂಪ. 1885ರಲ್ಲಿ ಲೂಯಿ ಪಾಶ್ಚರ್ ತೋರಿಸಿಕೊಟ್ಟ ಚುಚ್ಚುಮದ್ದಿನ ದಾರಿ ಅದಕ್ಕೆ ಮೊದಲೇ ಹಿಡಿಯತಕ್ಕದ್ದು. ಕಚ್ಚಲಿ, ಗೀರಲಿ, ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅರಸಿನ ಸುಣ್ಣಗಳ ಗೋಜಿಗೆ ಹೋಗದೆ, ಆ ದಿನವೇ ಮುನಿಸಿಪಲ್ ಆಸ್ಪತ್ರೆ ಸೇರಬೇಕು. ಚುಚ್ಚುಮದ್ದು ಒಂದೇ ದಿನಕ್ಕೆ ಮುಗಿಯದು. ವೈದ್ಯರು ಹೇಳಿದ ದಿನಗಳಲ್ಲೆಲ್ಲ ತಪ್ಪದೆ ಹೋಗಬೇಕು. ಅದಕ್ಕಾಗಿ ಸಂಬಳ ಕಡಿಯುವ ಧಣಿಗಳು ನಮ್ಮಲ್ಲಿಲ್ಲವೆಂದು ನಂಬಿದ್ದೇವೆ. ಸಂಶಯದ ನಾಯಿಯನ್ನು ತಾವೇ ಹಿಡಿಯದೆ ಮಹಾನಗರಪಾಲಿಕೆಗೆ ತಿಳಿಸುವುದು ಲೇಸು.

ಉಳಿದ ಬೇನೆಗಳಿಗೆ ಪಶುವೈದ್ಯರುಂಟು. ದಿನ್‌ಶಾ ಮಾಣೆಕ್‌ಜಿ ಪೆಟಿಟ್ ಅವರ ದಾನದಿಂದ 1880ರ ದಶಕದಲ್ಲಿ ಪರೇಲಿನಲ್ಲಿ ತೆರೆದ ಬಾಯಿ ಸಾಕರ್‌ಬಾಯಿ ಪ್ರಾಣಿಗಳ ಆಸ್ಪತ್ರೆ ಈಗಲೂ ನಡೆಯುತ್ತಿದೆ. ದಹಿಸರಿನಿಂದ ದೂರವೆನ್ನುವವರು ಹತ್ತಿರದ ಖಾಸಗಿ ಪಶುವೈದ್ಯರಲ್ಲಿಗೆ ಹೋಗಬಹುದು. ಹೋಗುವಾಗ ನಾಯಿ ಏನು ತಿಂದಿತು, ಯಾವ ದಿನದಿಂದ ಬದಲಾಯಿತು, ಯಾರನ್ನಾದರೂ ಕಚ್ಚಿತೇ ಎಂಬುದನ್ನು ಚೀಟಿಯಲ್ಲಿ ಬರೆದೊಯ್ಯಿರಿ. ಬಿಲ್ಲು ಬರೆಯುವ ಕೈಗೆ ಅದೇನೂ ಹೊಸ ಕೆಲಸವಲ್ಲ.